ಕಚ್ಚುವುದು ತಳಿಯೋ, ಸರಪಳಿಯೋ?

1992ರ ಏಪ್ರಿಲ್ ತಿಂಗಳ ಒಂದು ರಾತ್ರಿ. ಲಂಡನ್ನಿನ ಪಶ್ಚಿಮಕ್ಕಿರುವ ಈಲಿಂಗ್‌ನಲ್ಲಿ ಡೆಂಪ್ಸಿ ಎಂಬ ಹೆಣ್ಣುನಾಯಿಯನ್ನು ಅದರ ಒಡತಿಯ ಸಂಬಂಧಿಕ ಹುಡುಗನೊಬ್ಬ ಅಡ್ಡಾಡಿಸಲು ಕರೆದೊಯ್ದಿದ್ದ. ಅದು ಪಿಟ್ ಬುಲ್ ಟೆರಿಯರ್. ಹಿಂದಿನ ವರ್ಷವಷ್ಟೇ ಬಂದಿದ್ದ ಕಾನೂನಿನ ಪ್ರಕಾರ ಆ ಜಾತಿಯ ನಾಯಿಯ ಬಾಯಿಗೆ ಕುಕ್ಕೆ ಹಾಕದೆ ಹೊರಗೆ ತರುವಂತಿರಲಿಲ್ಲ. ಕಣ ಮಾಡುವಾಗ ನಮ್ಮಲ್ಲಿ ಎತ್ತಿನ ಬಾಯಿಗೆ ಕಟ್ಟುತ್ತಾರಲ್ಲ, ಅಂಥದ್ದೇ ಒಂದು ಕುಕ್ಕೆ. ದಾರಿಯಲ್ಲಿ ನಾಯಿಗೆ ಹೊಟ್ಟೆ ತೊಳಸಿ ವಾಂತಿ ಬರುವಂತಾಯಿತು. ಉಸಿರು ಕಟ್ಟೀತೆಂದು ಹುಡುಗ ಕುಕ್ಕೆ ಬಿಚ್ಚಿದ. ಅದೇ ಹೊತ್ತಿಗೆ ಪೊಲೀಸರ ಕಣ್ಣಿಗೆ ಬಿದ್ದ.

ಅಪರಾಧ ನಡೆದದ್ದು ಇಷ್ಟೇ. ಡೆಂಪ್ಸಿ ಯಾರ ಮೇಲೂ ಎರಗಿರಲಿಲ್ಲ, ಯಾರನ್ನೂ ಕಚ್ಚಿರಲಿಲ್ಲ. ಆದರೂ ಕೋರ್ಟು ಅದನ್ನು ಕೊಲ್ಲಲು ಆದೇಶಿಸಿತು, ಏಕೆಂದರೆ ಆಗಿನ ಕಾನೂನಿನಲ್ಲಿ ನ್ಯಾಯಾಧೀಶರಿಗೆ ಬೇರೆ ದಾರಿಯೇ ಇರಲಿಲ್ಲ. ಮೇಲ್ಮನವಿಯ ಮೇಲೆ ಮೇಲ್ಮನವಿ ನಡೆಯುತ್ತ ಮೂರು ವರ್ಷಕ್ಕೂ ಹೆಚ್ಚು ಕಾಲ ಆ ನಾಯಿ ಪಂಜರದಲ್ಲಿ ಕಳೆಯಿತು. ಫ್ರೆಂಚ್ ನಟಿ ಬ್ರಿಜಿತ್ ಬಾರ್ಡೊ ತಮ್ಮ ದೇಶಕ್ಕೆ ಕರೆಸಿಕೊಳ್ಳುವುದಾಗಿ ಹೇಳಿದರು. ಕೊನೆಗೆ 1995ರಲ್ಲಿ, ಮೊದಲ ವಿಚಾರಣೆಯ ದಿನಾಂಕವನ್ನು ಒಡತಿಗೆ ತಿಳಿಸಿರಲಿಲ್ಲ ಎಂಬ ತಾಂತ್ರಿಕ ಕಾರಣಕ್ಕೆ ಡೆಂಪ್ಸಿಯ ಜೀವ ಉಳಿಯಿತು.

ಈ ಕಾನೂನು ಸುಮ್ಮನೆ ಹುಟ್ಟಿದ್ದಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. 1991ರ ಮೇ ತಿಂಗಳಲ್ಲಿ ಬ್ರಾಡ್‌ಫರ್ಡ್‌ನಲ್ಲಿ ಆರು ವರ್ಷದ ಹುಡುಗಿಯೊಬ್ಬಳನ್ನು ಪಿಟ್ ಬುಲ್ ಒಂದು ಬೀದಿಯಲ್ಲೇ ಕಚ್ಚಿ ಹರಿದಿತ್ತು. ಆ ಮಗುವಿನ ಗಾಯಗಳನ್ನು ಕಂಡ ದೇಶ ತಲ್ಲಣಿಸಿತು. ಗೃಹಮಂತ್ರಿ ಕೆನೆತ್ ಬೇಕರ್ ಸಂಸತ್ತಿಗೆ ತಂದ ಅಪಾಯಕಾರಿ ನಾಯಿಗಳ ಕಾಯ್ದೆ ಬಹಳ ಅವಸರದಲ್ಲಿ ಪಾಸಾಯಿತು. ಪಿಟ್ ಬುಲ್ ಟೆರಿಯರ್, ಜಪಾನಿನ ತೋಸಾ, ಡೋಗೊ ಅರ್ಜೆಂಟೀನೊ, ಫಿಲಾ ಬ್ರೆಸಿಲೆರೊ ಎಂಬ ನಾಲ್ಕು ಬಗೆಯ ನಾಯಿಗಳ ಮಾರಾಟ, ಸಂವರ್ಧನೆ, ಸಾಕಣೆ ಎಲ್ಲಕ್ಕೂ ನಿಷೇಧ ಬಿತ್ತು. ಆಸ್ಪತ್ರೆಯ ಹಾಸಿಗೆಯ ಮೇಲೆ ಮಗು ಮಲಗಿರುವಾಗ ಸರಕಾರ ಏನಾದರೂ ಮಾಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಾಡಿದ್ದರಿಂದ ಮುಂದಿನ ಮಗು ಉಳಿಯಿತೇ ಎಂದು ಯಾರಾದರೂ ಲೆಕ್ಕ ಇಡಬೇಕಲ್ಲ?

ಲೆಕ್ಕ ಇಟ್ಟವರಿದ್ದಾರೆ. ಸ್ಕಾಟ್ಲೆಂಡಿನ ಅಬರ್ಡೀನ್ ನಗರದ ಆಸ್ಪತ್ರೆಯೊಂದರ ವೈದ್ಯರು ಕಾಯ್ದೆ ಬರುವ ಮುಂಚೆ ಮತ್ತು ಬಂದ ಎರಡು ವರ್ಷಗಳ ನಂತರ ಬಂದ ಕಡಿತದ ಪ್ರಕರಣಗಳನ್ನು ಹೋಲಿಸಿ 1996ರಲ್ಲಿ ಪ್ರಕಟಿಸಿದರು. ಕಡಿತ ಕಡಿಮೆಯಾಗಿರಲಿಲ್ಲ. ಹೆಚ್ಚಾಗಿ ಕಚ್ಚಿದ್ದು ಪಟ್ಟಿಯಲ್ಲೇ ಇಲ್ಲದ ಅಲ್ಸೇಷಿಯನ್ ಮತ್ತು ಬೆರಕೆ ನಾಯಿಗಳು. ಇಡೀ ಇಂಗ್ಲೆಂಡಿನ ಆಸ್ಪತ್ರೆ ದಾಖಲೆಗಳನ್ನು ನೋಡಿದರೆ, ನಾಯಿ ಕಚ್ಚಿ ಒಳರೋಗಿಯಾಗಿ ಸೇರಿದವರ ಪ್ರಮಾಣ 1998ರಲ್ಲಿ ಲಕ್ಷಕ್ಕೆ ಆರರಷ್ಟಿದ್ದದ್ದು 2018ರ ಹೊತ್ತಿಗೆ ಹದಿನೈದರ ಹತ್ತಿರ ಬಂದಿತ್ತು. ಏರಿದ್ದು ದೊಡ್ಡವರಲ್ಲಿ. ಮಕ್ಕಳ ಪ್ರಮಾಣ ಏರಲಿಲ್ಲ, ಇಳಿಯಲೂ ಇಲ್ಲ. ಯಾವ ಮಗುವಿನ ಹೆಸರಿನಲ್ಲಿ ಕಾಯ್ದೆ ಬಂತೋ ಆ ವಯಸ್ಸಿನ ಮಕ್ಕಳು ಇಪ್ಪತ್ತು ವರ್ಷ ಒಂದೇ ದರದಲ್ಲಿ ಕಚ್ಚಿಸಿಕೊಳ್ಳುತ್ತಲೇ ಇದ್ದರು. ನನ್ನನ್ನು ಹೆಚ್ಚು ಕಾಡುವ ಸಂಗತಿ ಇದು.

ಇದರ ಕಾರಣಗಳಲ್ಲೊಂದು ಕಾಯ್ದೆಯ ಒಳಗೇ ಇತ್ತು. ಮಕ್ಕಳನ್ನು ನಾಯಿ ಕಚ್ಚುವುದು ಬಹುಪಾಲು ಮನೆಯೊಳಗೆ ಅಥವಾ ಹಿತ್ತಲಲ್ಲಿ. ಕಚ್ಚುವುದು ತಮ್ಮದೇ ನಾಯಿ, ಇಲ್ಲವೇ ಅಜ್ಜಿಯ ಮನೆಯ, ನೆರೆಮನೆಯ ನಾಯಿ. ನಾಯಿಯನ್ನು ಅಂಕೆತಪ್ಪಿ ಬಿಟ್ಟ ಮಾಲೀಕನನ್ನು ಶಿಕ್ಷಿಸುವ ಸೆಕ್ಷನ್ನು ಕಾಯ್ದೆಯಲ್ಲಿದ್ದರೂ ಅದು ಸಾರ್ವಜನಿಕ ಜಾಗಗಳಿಗೆ, ನಾಯಿಗೆ ಪ್ರವೇಶವಿಲ್ಲದ ಖಾಸಗಿ ಜಾಗಗಳಿಗೆ ಮಾತ್ರ ಸೀಮಿತವಾಗಿತ್ತು. ಅದನ್ನು ಮನೆಯೊಳಕ್ಕೂ ವಿಸ್ತರಿಸಲು 2014ರ ತನಕ ಕಾಯಬೇಕಾಯಿತು. ಪೊಲೀಸರು ಬೀದಿಯಲ್ಲಿ ನಾಯಿಯ ಎದೆ, ತಲೆ, ಕಾಲುಗಳ ಅಳತೆ ತೆಗೆಯುತ್ತಿದ್ದ ಇಪ್ಪತ್ತಮೂರು ವರ್ಷ, ಕಡಿತ ನಡೆಯುತ್ತಿದ್ದ ಕೋಣೆಯೊಳಗೆ ಕಾನೂನು ಕಾಲಿಟ್ಟಿರಲಿಲ್ಲ.

ಅಳತೆ ಎಂದೆ. ಅದು ಅಕ್ಷರಶಃ ಅಳತೆ. ಬ್ರಿಟನ್ನಿನಲ್ಲಿ ನಿಷೇಧವಾದದ್ದು ‘ಬಗೆ’, ಶುದ್ಧ ತಳಿಯಲ್ಲ. ತಂದೆತಾಯಿ ಯಾವುದು, ಡಿಎನ್ಎ ಏನು ಹೇಳುತ್ತದೆ ಎಂಬುದು ಮುಖ್ಯವಲ್ಲ. ಒಟ್ಟಾರೆ ಮೈಕಟ್ಟು ಪಿಟ್ ಬುಲ್‌ನಂತೆ ಕಂಡರೆ ಸಾಕು. ಲ್ಯಾಬ್ರಡಾರ್ ಮತ್ತು ಬೇರಾವುದೋ ನಾಯಿಗೆ ಹುಟ್ಟಿದ ಮರಿಗಳಲ್ಲಿ ಒಂದು ಮರಿ ಅಗಲ ತಲೆಯದಾಗಿ ಬೆಳೆದರೆ ಅದು ಅಪರಾಧಿ, ಅದರ ಒಡಹುಟ್ಟಿದ್ದು ನಿರಪರಾಧಿ. ಕಣ್ಣಂದಾಜು ಎಷ್ಟು ದಾರಿ ತಪ್ಪುತ್ತದೆ ಎಂಬುದಕ್ಕೆ ಅಮೆರಿಕದ ಫ್ಲಾರಿಡಾದ ಸಂಶೋಧಕರು ಸಾಕ್ಷ್ಯ ಕೊಟ್ಟಿದ್ದಾರೆ. ನಾಯಿಗಳ ಆಶ್ರಯತಾಣಗಳಲ್ಲಿ 120 ನಾಯಿಗಳ ತಳಿಯನ್ನು ಅಲ್ಲಿನ ಸಿಬ್ಬಂದಿಯಿಂದಲೇ ಹೇಳಿಸಿ, ಆಮೇಲೆ ಡಿಎನ್ಎ ಪರೀಕ್ಷೆ ಮಾಡಿಸಿದರು. ದಿನವೂ ನಾಯಿಗಳ ನಡುವೆ ಬದುಕುವ ಅವರೂ, ಪಿಟ್ ಬುಲ್ ಬಗೆಯ ರಕ್ತವೇ ಇಲ್ಲದ ಎಷ್ಟೋ ನಾಯಿಗಳಿಗೆ ಆ ಹಣೆಪಟ್ಟಿ ಹಚ್ಚಿದ್ದರು.

ನಿಷೇಧದಿಂದ ಇನ್ನೊಂದು ಪರಿಣಾಮವೂ ಆಯಿತು. ಎದುರಿನವರು ಹೆದರಬೇಕೆಂದೇ ನಾಯಿ ಸಾಕುವವರು ಎಲ್ಲ ದೇಶದಲ್ಲೂ ಇದ್ದಾರೆ. ಅವರಿಗೆ ಬೇಕಾದದ್ದು ಪಿಟ್ ಬುಲ್ ಎಂಬ ಹೆಸರಲ್ಲ, ಆ ಹೆದರಿಕೆ. ಪಿಟ್ ಬುಲ್ ಸಿಗದಿದ್ದಾಗ ಅವರು ಅಮೆರಿಕದಲ್ಲಿ ಅದೇ ವಂಶದಿಂದ ಬೆಳೆಸಿದ, ಇನ್ನೂ ದಪ್ಪ, ಇನ್ನೂ ಭಾರದ ಎಕ್ಸ್ಎಲ್ ಬುಲ್ಲಿಯ ಕಡೆ ತಿರುಗಿದರು. ಕಳೆದ ದಶಕದಲ್ಲಿ ಅದು ಬ್ರಿಟನ್ನಿನ ತುಂಬ ಹರಡಿತು. ಅದರ ಹಿಂದೆಯೇ ಸಾವುಗಳೂ ಏರಿದವು. 2023ರ ಸೆಪ್ಟೆಂಬರ್‌ನಲ್ಲಿ ಸ್ಟಾಫರ್ಡ್‌ಶೈರಿನಲ್ಲಿ ಒಬ್ಬ ವ್ಯಕ್ತಿ ನಾಯಿಗಳ ದಾಳಿಗೆ ಬಲಿಯಾದ ಮರುದಿನವೇ ಪ್ರಧಾನಿ ರಿಷಿ ಸುನಕ್ ಎಕ್ಸ್ಎಲ್ ಬುಲ್ಲಿಯನ್ನೂ ನಿಷೇಧಿಸುವುದಾಗಿ ಘೋಷಿಸಿದರು. ಆಗ ಸರಕಾರಕ್ಕೆ ಎದುರಾದ ಮೊದಲ ತೊಡಕೇ ಹೆಸರಿನದು, ಏಕೆಂದರೆ ನಾಯಿತಳಿಗಳನ್ನು ದಾಖಲಿಸುವ ಬ್ರಿಟನ್ನಿನ ಕೆನಲ್ ಕ್ಲಬ್ಬಿನ ಪುಸ್ತಕದಲ್ಲಿ ಅಂಥ ತಳಿಯೇ ಇರಲಿಲ್ಲ. ಗಂಡಾದರೆ ಭುಜದ ಎತ್ತರ 51 ಸೆಂಟಿಮೀಟರ್, ಹೆಣ್ಣಾದರೆ 48 ಎಂದೆಲ್ಲ ಅಧಿಕಾರಿಗಳೇ ವ್ಯಾಖ್ಯೆ ಬರೆದರು. 2024ರ ಫೆಬ್ರುವರಿ 1ರಿಂದ ವಿನಾಯಿತಿ ಪತ್ರವಿಲ್ಲದೆ ಅದನ್ನು ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಸಾಕುವುದು ಅಪರಾಧವಾಯಿತು. 50 ಸಾವಿರಕ್ಕೂ ಹೆಚ್ಚು ನಾಯಿಗಳಿಗೆ ಪತ್ರ ಸಿಕ್ಕಿತು. 1991ರ ಪಟ್ಟಿಯ ಸಂದಿಯಿಂದಲೇ ನುಸುಳಿದ ನಾಯಿಗೆ 2024ರಲ್ಲಿ ಅದೇ ಪಟ್ಟಿಯ ಮದ್ದು.

ಬೇರೆ ದೇಶಗಳ ಅನುಭವವನ್ನು ಬೇಗ ಹೇಳಿ ಮುಗಿಸುತ್ತೇನೆ. ನೆದರ್ಲೆಂಡ್ಸ್ 1993ರಲ್ಲಿ ಪಿಟ್ ಬುಲ್ ನಿಷೇಧಿಸಿತು, ಕಡಿತ ಇಳಿಯದ್ದರಿಂದ ತಜ್ಞರ ಸಲಹೆಯ ಮೇರೆಗೆ 2008ರಲ್ಲಿ ನಿಷೇಧ ತೆಗೆಯಲು ನಿರ್ಧರಿಸಿತು. ಇಟಲಿಯ ಪಟ್ಟಿಯಲ್ಲಿ ಒಂದು ಕಾಲಕ್ಕೆ ತೊಂಬತ್ತಕ್ಕೂ ಹೆಚ್ಚು ತಳಿಗಳಿದ್ದವು. ಅದನ್ನು ಹದಿನೇಳಕ್ಕೆ ಇಳಿಸಿ 2009ರಲ್ಲಿ ಪೂರ್ತಿ ಕೈಬಿಟ್ಟು, ಹೊಣೆಯನ್ನು ಮಾಲೀಕನ ಮೇಲೆ ಹಾಕಿದರು. ಡೆನ್ಮಾರ್ಕ್ 2010ರಲ್ಲಿ 13 ತಳಿಗಳನ್ನು ನಿಷೇಧಿಸಿತು. ಒಡೆನ್ಸೆ ನಗರದ ಆಸ್ಪತ್ರೆಯ ದಾಖಲೆ ತೆಗೆದು ನೋಡಿದವರಿಗೆ ನಿಷೇಧದ ಪರಿಣಾಮ ಕಾಣಲಿಲ್ಲ.

ಆದರೆ ಎದುರು ಸಾಕ್ಷ್ಯವೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಕೆನಡಾದ ವಿನಿಪೆಗ್ ನಗರ 1990ರಲ್ಲೇ ಪಿಟ್ ಬುಲ್ ನಿಷೇಧಿಸಿತು. ನಿಷೇಧವಿಲ್ಲದ ಬ್ರಾಂಡನ್ ನಗರಕ್ಕೆ ಹೋಲಿಸಿ 2013ರಲ್ಲಿ ಬಂದ ಅಧ್ಯಯನವೊಂದು, ವಿನಿಪೆಗ್‌ನಲ್ಲಿ ಮುಖ್ಯವಾಗಿ ಎಳೆಯರಲ್ಲಿ ಆಸ್ಪತ್ರೆ ಸೇರುವಷ್ಟು ಗಂಭೀರ ಗಾಯಗಳು ಕಡಿಮೆಯಾದವು ಎಂದಿತು. ಸ್ಪೇನಿನ ಕ್ಯಾಟಲೋನಿಯಾದಲ್ಲೂ ಕಾನೂನು ಬಂದ ಮೇಲೆ ಆಸ್ಪತ್ರೆ ಸೇರುವವರ ಪ್ರಮಾಣ ಮೂರನೇ ಒಂದಕ್ಕಿಂತ ಹೆಚ್ಚು ಇಳಿಯಿತು. ಆ ಕಾನೂನಿನಲ್ಲಿ ಪರವಾನಗಿ, ವಿಮೆ, ಕುಕ್ಕೆ, ಹಗ್ಗ ಎಲ್ಲವೂ ಇದ್ದವು. ಬಲವಾದ ದವಡೆಯ ದೊಡ್ಡ ನಾಯಿ ಕಚ್ಚಿ ಹಿಡಿದು ಅಲುಗಾಡಿಸಿದರೆ ಆಗುವ ಗಾಯ ಪೊಮೆರೇನಿಯನ್ ಕಚ್ಚಿದ ಗಾಯಕ್ಕೆ ಸಮನಲ್ಲ ಎಂಬುದು ಯಾರಿಗಾದರೂ ಗೊತ್ತು. ಹಾಗಾಗಿ ನನ್ನ ತೀರ್ಮಾನ ಇಷ್ಟು: ಕಟ್ಟುನಿಟ್ಟಾಗಿ ಜಾರಿಯಾದರೆ ತಳಿ ನಿಷೇಧದಿಂದ ಅತಿ ಘೋರವಾದ ಕೆಲವು ಗಾಯಗಳು ತಪ್ಪಬಹುದು. ಒಟ್ಟು ಕಡಿತ ಕಡಿಮೆಯಾಗುತ್ತದೆಂದು ನಂಬಲು ಮಾತ್ರ ಗಟ್ಟಿ ಆಧಾರವಿಲ್ಲ.

ಹಾಗಾದರೆ ನಾಯಿ ಕಚ್ಚುವಂತೆ ಮಾಡುವುದು ಏನು? ಅಮೆರಿಕದಲ್ಲಿ 2000ರಿಂದ 2009ರವರೆಗೆ ನಾಯಿ ದಾಳಿಯಿಂದಾದ 256 ಸಾವುಗಳನ್ನು ಗ್ಯಾರಿ ಪ್ಯಾಟ್ರೊನೆಕ್ ಮತ್ತು ಸಂಗಡಿಗರು ಪತ್ರಿಕಾ ವರದಿಗಷ್ಟೇ ನಿಲ್ಲದೆ, ಪೊಲೀಸರು ಮತ್ತಿತರ ತನಿಖಾಧಿಕಾರಿಗಳನ್ನೂ ಮಾತನಾಡಿಸಿ ಒಂದೊಂದಾಗಿ ಕೆದಕಿದರು. 87 ಶೇಕಡಾ ಪ್ರಕರಣಗಳಲ್ಲಿ, ಅಡ್ಡಬಂದು ತಡೆಯಬಲ್ಲ ಗಟ್ಟಿಯಾಳು ಹತ್ತಿರ ಇರಲಿಲ್ಲ. 85 ಶೇಕಡಾದಲ್ಲಿ ಸತ್ತವರಿಗೂ ನಾಯಿಗೂ ಒಡನಾಟ ಅಷ್ಟಕ್ಕಷ್ಟೇ. 84 ಶೇಕಡಾ ನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಆಗಿರಲಿಲ್ಲ. ಮುಕ್ಕಾಲು ಪಾಲು ನಾಯಿಗಳು ಮನೆಯವರ ಒಡನಾಟವಿಲ್ಲದೆ ಸರಪಳಿಯಲ್ಲೋ ಗೂಡಿನಲ್ಲೋ ಹಿತ್ತಲಲ್ಲೋ ಒಂಟಿಯಾಗಿ ಬೆಳೆದವು. ಇಂಥ ನಾಲ್ಕು ಅಥವಾ ಹೆಚ್ಚು ಕಾರಣಗಳು 80 ಶೇಕಡಾ ಸಾವುಗಳಲ್ಲಿ ಒಟ್ಟಿಗೆ ಕೂಡಿದ್ದವು. ತಳಿ ಯಾವುದೆಂದು ಖಚಿತವಾಗಿ ಹೇಳಲು ಸಾಧ್ಯವಾದದ್ದು ಮಾತ್ರ 18 ಶೇಕಡಾಕ್ಕಿಂತ ಕಡಿಮೆ ಪ್ರಕರಣಗಳಲ್ಲಿ.

ಈ ಅಂಕಿಗಳನ್ನು ಮೊದಲ ಸಲ ಓದಿದಾಗ ನನಗೆ ನಮ್ಮ ಮನೆಯ ಕೆಂಚ ನೆನಪಾಯಿತು. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಕೆಂಚ ಕಂತ್ರಿನಾಯಿ. ಹಗಲಿಡೀ ಕೊಟ್ಟಿಗೆಯ ಕಂಬಕ್ಕೆ ಕಬ್ಬಿಣದ ಸರಪಳಿಯಲ್ಲಿ ಬಂದಿ, ರಾತ್ರಿ ಮಾತ್ರ ಬಿಡುಗಡೆ. ನನಗಾಗ ಏಳು ವರ್ಷ. ಅದು ಅನ್ನ ತಿನ್ನುವಾಗ ತಟ್ಟೆಯನ್ನು ಅದರತ್ತ ಸರಿಸಲು ಹೋದೆ. ಮುಂಗೈಗೆ ಹಲ್ಲು ಇಳಿಯಿತು. ಅಪ್ಪಯ್ಯ ಬಾರುಕೋಲು ಹುಡುಕುತ್ತಿದ್ದಾಗ ಅಜ್ಜಿ ತಡೆದಳು. “ಹಗಲಿಡೀ ಕಟ್ಟಿ ಹಾಕಿದ ನಾಯಿ, ಉಂಬ ಹೊತ್ತು. ಮಗು ಕೈ ಹಾಕಿದ್ರೆ ಅದು ಮತ್ತೆಂತ ಮಾಡೀತು?” ನನಗೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಆಯಿತು, ಆ ಕಾಲದ ಕುರಿಮಿದುಳಿನ ಲಸಿಕೆ. ಹೊಟ್ಟೆಯ ಗಂಟುಗಳು ಎಷ್ಟೋ ದಿನ ಕರಗಲಿಲ್ಲ. ಅಜ್ಜಿಯ ಮಾತು ಅಂದು ಅನ್ಯಾಯ ಅನ್ನಿಸಿತ್ತು. ಅವಳು ಒಂದೇ ಉಸಿರಿಗೆ ಸರಪಳಿ, ತಟ್ಟೆ, ಹತ್ತಿರ ದೊಡ್ಡವರಿಲ್ಲದ ಮಗು ಎಂದು ಮೂರು ಕಾರಣ ಹೇಳಿಬಿಟ್ಟಿದ್ದಳು ಎಂಬುದು ತಿಳಿಯಲು ನನಗೆ ನಲವತ್ತು ವರ್ಷ ಬೇಕಾಯಿತು.

ನಮ್ಮ ದೇಶದ ಕಥೆ 2024ರ ಮಾರ್ಚ್ 12ರಂದು ತಿರುವು ಪಡೆಯಿತು. ಕೇಂದ್ರ ಪಶುಸಂಗೋಪನೆ ಇಲಾಖೆ ಎಲ್ಲ ರಾಜ್ಯಗಳಿಗೆ ಸುತ್ತೋಲೆ ಕಳಿಸಿ 23 ತಳಿಗಳ ಆಮದು, ಸಂವರ್ಧನೆ, ಮಾರಾಟ ನಿಲ್ಲಿಸಲು, ಈಗಾಗಲೇ ಮನೆಗಳಲ್ಲಿರುವವಕ್ಕೆ ಸಂತಾನಹರಣ ಮಾಡಿಸಲು ಹೇಳಿತು. ಲಖನೌದಲ್ಲಿ 2022ರಲ್ಲಿ ಸಾಕಿದ ಪಿಟ್ ಬುಲ್ ಮನೆಯ ವೃದ್ಧೆಯನ್ನೇ ಕೊಂದದ್ದು, ಆಮೇಲೆ ಗಾಜಿಯಾಬಾದ್‌ನಂಥ ನಗರಗಳು ತಾವೇ ನಿಷೇಧ ಹೇರಿದ್ದು ಎಲ್ಲ ಇದರ ಹಿನ್ನೆಲೆಯಲ್ಲಿದ್ದವು. ಅಪಾಯಕಾರಿ ತಳಿಗಳ ನಿಷೇಧ ಕೋರಿದ ಮನವಿಯೊಂದನ್ನು ದೆಹಲಿ ಹೈಕೋರ್ಟು ಮೂರು ತಿಂಗಳಲ್ಲಿ ತೀರ್ಮಾನಿಸಿ ಎಂದು ಹೇಳಿದ್ದೂ ಇತ್ತು.

ಆ ಪಟ್ಟಿಯನ್ನು ಒಮ್ಮೆ ನಿಧಾನವಾಗಿ ಓದಬೇಕು. ತೋಸಾ ಎರಡು ಸಲ ಬಂದಿದೆ. ಬೋರ್‌ಬೋಲ್ ಕೂಡ ಎರಡು ಸಲ. ಒಂದು ಕಡೆ ಬರೀ ‘ಟೆರಿಯರ್‌ಗಳು’ ಎಂದಿದೆ. ಟೆರಿಯರ್ ಎಂಬುದು ಒಂದು ತಳಿಯಲ್ಲ, ತೊಡೆಯ ಮೇಲೆ ಕೂರುವ ಯಾರ್ಕ್‌ಶೈರ್ ಟೆರಿಯರಿನವರೆಗೆ ಹತ್ತಾರು ತಳಿಗಳ ದೊಡ್ಡ ಕುಟುಂಬ. ಬಾಲ್ಕನ್ ಗುಡ್ಡಗಳಲ್ಲಿ ಕುರಿಮಂದೆ ಕಾಯುವ ತೊರ್ನ್ಯಾಕ್, ಶಾರ್‌ಪ್ಲಾನಿನಾಕ್ ಸಹ ಇವೆ. ಹಾವೇರಿಯಲ್ಲೋ ಹಾಸನದಲ್ಲೋ ಯಾರಾದರೂ ಅವುಗಳಿಂದ ಕಚ್ಚಿಸಿಕೊಂಡಿರಬಹುದೆಂದು ನನಗನ್ನಿಸುವುದಿಲ್ಲ. ಜನರ ಪ್ರಾಣದ ವಿಷಯದಲ್ಲಿ ಹೊರಡಿಸುವ ಆದೇಶಕ್ಕೆ ಇಷ್ಟು ಕಡಿಮೆ ಎಚ್ಚರ ಸಾಲದು.

ಬೆಂಗಳೂರಿನ ಇಬ್ಬರು ಅರ್ಜಿದಾರರು ಇದನ್ನು ಕರ್ನಾಟಕ ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ಒಬ್ಬರು ನಾಯಿಗಳಿಗೆ ತರಬೇತಿ ಕೊಡುವವರು, ಇನ್ನೊಬ್ಬರು ರಾಟ್‌ವೀಲರ್ ಸಾಕಿದವರು. ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಮೊದಲು ತಡೆಯಾಜ್ಞೆ ಕೊಟ್ಟು, ಏಪ್ರಿಲ್ 10ರಂದು ಸುತ್ತೋಲೆಯನ್ನೇ ರದ್ದುಮಾಡಿದರು. ಸಂಬಂಧಪಟ್ಟವರ ಅಹವಾಲು ಕೇಳಿಲ್ಲ, ಶಿಫಾರಸು ಮಾಡಿದ ಸಮಿತಿಯ ರಚನೆ ನಿಯಮದಂತಿಲ್ಲ ಎಂಬುದು ಮುಖ್ಯ ಕಾರಣಗಳು. ಎಲ್ಲರ ಮಾತು ಕೇಳಿ ಹೊಸದಾಗಿ ನಿಯಮ ತರಲು ಕೇಂದ್ರಕ್ಕೆ ಅಡ್ಡಿಯಿಲ್ಲ ಎಂದೂ ಹೇಳಿದರು. ನಾಯಿ ಕಚ್ಚಿದರೆ ಗಾಯಾಳುವಿನ ಚಿಕಿತ್ಸೆಯ ಖರ್ಚನ್ನು ಮಾಲೀಕನೇ ಹೊರಬೇಕೆಂಬ ಮಾತೂ ತೀರ್ಪಿನಲ್ಲಿತ್ತು. ಪತ್ರಿಕೆಗಳಲ್ಲಿ ನಿಷೇಧ ರದ್ದಾದದ್ದೇ ದೊಡ್ಡ ಸುದ್ದಿಯಾಯಿತು, ಮಾಲೀಕನ ಹೊಣೆಯ ಮಾತು ಹಿಂದೆ ಸರಿಯಿತು. ಬೇಸರದ ಸಂಗತಿ, ಏಕೆಂದರೆ ಕಡಿತವನ್ನು ತಡೆಯುವ ಶಕ್ತಿ ಇರುವುದು ಆ ಮಾತಿಗೇ.

ಅದಕ್ಕೆ ಹೊಸ ಕಾಯ್ದೆಯನ್ನೂ ಕಾಯಬೇಕಿಲ್ಲ. ಸಾಕಿದ ಪ್ರಾಣಿಯಿಂದ ಬೇರೆಯವರಿಗೆ ಅಪಾಯವಾಗದಂತೆ ನೋಡಿಕೊಳ್ಳದವನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಆರು ತಿಂಗಳವರೆಗೆ ಜೈಲು ಅಥವಾ 5 ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸುತ್ತದೆ. ಅದರಲ್ಲಿ ತಳಿಯ ಹೆಸರಿಲ್ಲ. ಕೆನಡಾದ ಕ್ಯಾಲ್ಗರಿ ನಗರ ಹಿಡಿದದ್ದು ಈ ದಾರಿಯನ್ನೇ. ಯಾವ ತಳಿಯನ್ನೂ ನಿಷೇಧಿಸದೆ ಪ್ರತಿ ನಾಯಿಗೂ ಪರವಾನಗಿ ಮಾಡಿಸಿ, ಪರವಾನಗಿಯ ಹಣವನ್ನು ಅದೇ ಕೆಲಸಕ್ಕೆ ಬಳಸಿ, ಹಗ್ಗ ಬಿಟ್ಟವರಿಗೆ, ಕಚ್ಚಿಸಿದವರಿಗೆ ಭಾರೀ ದಂಡ ಹಾಕಿ, ಊರಿನ ಜನಸಂಖ್ಯೆ ಬೆಳೆಯುತ್ತಿದ್ದ ಎರಡು ದಶಕಗಳಲ್ಲೇ ದಾಳಿಗಳನ್ನು ಇಳಿಸಿಕೊಂಡಿತು. ಬೆಂಗಳೂರಿನಲ್ಲಿ 2018ರಲ್ಲಿ ಪಾಲಿಕೆ ಪರವಾನಗಿ ನಿಯಮ ತರಲು ಹೊರಟಾಗ ಅದಕ್ಕೂ ತಳಿಗಳ ಪಟ್ಟಿ ಅಂಟಿಸಿತು, ಫ್ಲ್ಯಾಟಿಗೆ ಒಂದೇ ನಾಯಿ ಎಂದಿತು. ವಿರೋಧ ಎದ್ದು ನಿಯಮ ಅಲ್ಲಿಗೇ ನಿಂತಿತು. ಪಟ್ಟಿಯ ಜಗಳದಲ್ಲಿ ಪರವಾನಗಿ ಎಂಬ ಒಳ್ಳೆಯ ವಿಚಾರವೂ ಮುಳುಗಿತು.

ಇಷ್ಟರ ಮೇಲೂ ನಮ್ಮ ದೇಶದಲ್ಲಿ ಸಾಕುನಾಯಿಯ ತಳಿ ಚರ್ಚೆಯ ಅಂಚು ಮಾತ್ರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ವಿಜ್ಞಾನಿಗಳು 15 ರಾಜ್ಯಗಳ 60 ಜಿಲ್ಲೆಗಳಲ್ಲಿ ಮನೆಮನೆ ಸಮೀಕ್ಷೆ ಮಾಡಿ ಅಂದಾಜಿಸಿದಂತೆ ವರ್ಷಕ್ಕೆ ಸುಮಾರು 91 ಲಕ್ಷ ಪ್ರಾಣಿಕಡಿತಗಳಾಗುತ್ತವೆ. ನಾಲ್ಕರಲ್ಲಿ ಮೂರಕ್ಕಿಂತ ಹೆಚ್ಚು ನಾಯಿಯವೇ. ರೇಬಿಸ್‌ನಿಂದ ಸಾಯುವವರು ಸುಮಾರು 5,700. 2019ರ ಜಾನುವಾರು ಗಣತಿಯ ಪ್ರಕಾರ ದೇಶದ ಬೀದಿಗಳಲ್ಲಿ ಒಂದೂವರೆ ಕೋಟಿ ನಾಯಿಗಳಿವೆ, ಕರ್ನಾಟಕದಲ್ಲೇ 11 ಲಕ್ಷಕ್ಕೂ ಹೆಚ್ಚು. ಇವು ಯಾವ ಪಟ್ಟಿಗೂ ಸೇರುವುದಿಲ್ಲ. ಇವುಗಳ ವಿಷಯದಲ್ಲಿ ಫಲ ಕೊಡುವುದು ಬೇಸರ ಹುಟ್ಟಿಸುವಷ್ಟು ನಿಧಾನದ ಕೆಲಸ: ಹಿಡಿ, ಸಂತಾನಹರಣ ಮಾಡು, ಲಸಿಕೆ ಹಾಕು, ಕಿವಿ ಕತ್ತರಿಸಿ ಗುರುತು ಮಾಡು, ಬೀದಿಯ ಕಸ ಎತ್ತು, ಮರುವರ್ಷ ಮತ್ತೆ ಬಾ. ಬೆಂಗಳೂರಿನ ಗಣತಿಯಲ್ಲಿ 2019ರಲ್ಲಿ 3.10 ಲಕ್ಷವಿದ್ದ ಬೀದಿನಾಯಿಗಳು 2023ರಲ್ಲಿ 2.79 ಲಕ್ಷಕ್ಕೆ ಇಳಿದದ್ದು ಈ ಕೆಲಸದಿಂದ. ಪಕ್ಕದ ಗೋವಾ ವರ್ಷವರ್ಷವೂ ಊರೂರಿಗೆ ಬಲೆ ಮತ್ತು ಲಸಿಕೆ ಹಿಡಿದು ಹೋಗಿ, 2018ರಿಂದ ಕೆಲವು ವರ್ಷ ಒಂದೂ ರೇಬಿಸ್ ಸಾವು ದಾಖಲಾಗದಂತೆ ನೋಡಿಕೊಂಡಿತು. ಇಂಥ ಅನುಭವವಿದ್ದ ಗೋವಾವೂ 2025ರಲ್ಲಿ ಉಗ್ರ ತಳಿಗಳನ್ನು ನಿಷೇಧಿಸುವ ಅಧಿಕಾರವನ್ನು ಸರಕಾರಕ್ಕೆ ಕೊಡುವ ಮಸೂದೆ ತಂದಿತು. ನಿಷೇಧಕ್ಕೆ ಒಂದು ಹಾಳೆ ಸಾಕು. ಲಸಿಕೆಗೆ ಪ್ರತಿ ಬೆಳಗ್ಗೆ ಬೀದಿಗಿಳಿಯುವ ಜನ ಬೇಕು.

ಮಕ್ಕಳಿಗೆ ನಾವು ಕಲಿಸುವುದರಲ್ಲೂ ಕೊರತೆಯಿದೆ. ‘ಬೊಗಳುವ ನಾಯಿ ಕಚ್ಚುವುದಿಲ್ಲ’ ಎಂಬ ಗಾದೆಯನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿಸುತ್ತೇವೆ. ಬೊಗಳುವ ನಾಯಿಯೂ ಕಚ್ಚುತ್ತದೆ. ಕಚ್ಚುವ ಮುನ್ನ ನಾಯಿ ಮುಖ ತಿರುಗಿಸುತ್ತದೆ, ತುಟಿ ನೆಕ್ಕುತ್ತದೆ, ಕಣ್ಣಿನ ಬಿಳಿ ತೋರಿಸುತ್ತದೆ, ಮೈಯನ್ನು ಕಲ್ಲಿನಂತೆ ಬಿಗಿ ಮಾಡುತ್ತದೆ, ಗುರ್ ಎನ್ನುತ್ತದೆ. ಗುರ್ ಎಂದದ್ದಕ್ಕೆ ಹೊಡೆದರೆ ಅದು ಗುರ್ ಎನ್ನುವುದನ್ನು ಬಿಟ್ಟು ನೇರ ಕಚ್ಚಲು ಕಲಿಯುತ್ತದೆ. ತಿನ್ನುವ, ಮಲಗಿರುವ, ಮರಿ ಹಾಕಿರುವ, ಕಟ್ಟಿಹಾಕಿರುವ ನಾಯಿಯ ಹತ್ತಿರ ಹೋಗಬಾರದು ಎಂಬ ನಾಲ್ಕು ಮಾತು ಒಂದನೇ ತರಗತಿಯ ಪಾಠದಲ್ಲಿರಬೇಕೆಂದು ನನ್ನ ಆಸೆ. ಅಗಲ ತಲೆಯ ನಾಯಿ ಮಾತ್ರ ಕೆಟ್ಟದ್ದು ಎಂದು ನಂಬಿದ ಮನೆಯಲ್ಲಿ ಮಗುವನ್ನು ಲ್ಯಾಬ್ರಡಾರಿನ ಜೊತೆ ಒಂಟಿಯಾಗಿ ಬಿಡುತ್ತಾರೆ. ಪಟ್ಟಿಗಳ ಬಗ್ಗೆ ನನಗಿರುವ ಭಯ ಇದು.

ಹೋದ ತಿಂಗಳು ಪಕ್ಕದ ಮನೆಯ ಹುಡುಗಿಯ ಮೊಣಕಾಲಿಗೆ ನಾಯಿ ಕಚ್ಚಿ, ಅವಳ ತಾಯಿಯ ಜೊತೆ ಸರಕಾರಿ ಆಸ್ಪತ್ರೆಗೆ ಹೋಗಿದ್ದೆ. ಇಂಜೆಕ್ಷನ್ ಕೋಣೆಯ ಮುಂದೆ ಹದಿನೈದು ಜನರ ಸಾಲು. ಸಿಸ್ಟರ್ ಪುಸ್ತಕದಿಂದ ತಲೆಯೆತ್ತದೆ ಕೇಳಿದರು.

“ಸಾಕಿದ್ದಾ, ಬೀದೀದಾ?”

“ಸಾಕಿದ್ದು ಸಿಸ್ಟರ್. ನಮ್ಮ ಭಾವನ ಮನೇದು.”

“ಕಟ್ಟಿದ್ರಾ?”

“ಹೂಂ, ಕಟ್ಟಿದ್ರು. ಇವಳೇ ಬಿಸ್ಕತ್ತು ಹಿಡ್ಕೊಂಡು ಹತ್ರ ಹೋಗಿದ್ದಾಳೆ. ನಾವೆಲ್ಲ ಒಳಗಿದ್ವಿ.”

“ಅದಕ್ಕೆ ರೇಬಿಸ್ ಇಂಜೆಕ್ಷನ್ ಆಗಿದೆಯಾ?”

ತಾಯಿ ನನ್ನ ಮುಖ ನೋಡಿದಳು. ಗೊತ್ತಿರಲಿಲ್ಲ.

“ಸೋಪು ಹಾಕಿ ತೊಳೆದ್ರಾ?”

“ಅರಿಶಿನ ಹಚ್ಚಿದ್ದೀನಿ.”

ಸಿಸ್ಟರ್ ಪೆನ್ನು ಕೆಳಗಿಟ್ಟು ಎದ್ದರು. ಹುಡುಗಿಯ ಕೈಹಿಡಿದು ಹೊರಗಿನ ನಲ್ಲಿಯ ಹತ್ತಿರ ಕರೆದೊಯ್ದು, ನೀರು ಬಿಟ್ಟು, ಸೋಪಿನ ತುಂಡನ್ನು ತಾಯಿಯ ಕೈಗೆ ಕೊಟ್ಟರು. “ಹದಿನೈದು ನಿಮಿಷ. ಗಡಿಯಾರ ನೋಡ್ಕೊಂಡು ತೊಳೀರಿ. ಆಮೇಲೆ ಬನ್ನಿ, ಇವತ್ತಿಂದು ಹಾಕ್ತೀನಿ, ಮೂರು, ಏಳು, ಇಪ್ಪತ್ತೆಂಟನೇ ದಿನದ್ದು ಚೀಟೀಲಿ ಬರೆದು ಕೊಡ್ತೀನಿ.” ಅರಿಶಿನ ಮೊಣಕಾಲಿನಿಂದ ಇಳಿದು ಕಲ್ಲಿನ ಮೇಲೆ ಹಳದಿಯಾಗಿ ಹರಿಯಿತು. ಹುಡುಗಿ ಒಂದು ಕೈಯಲ್ಲಿ ನನ್ನ ಬೆರಳು ಹಿಡಿದುಕೊಂಡಿದ್ದಳು. ಗಡಿಯಾರ ನೋಡುವ ಕೆಲಸ ನನ್ನದಾಯಿತು.